ಸೀರೆಯ ಮೇಲೆ ಗಂಡನ ಅಂಗಿ

ದೀಪಾವಳಿ ಮುಗಿದು ಗಾಳಿ ಒಣಗತೊಡಗಿತೆಂದರೆ ನನ್ನ ಉಡುಪು ಬದಲಾಗುತ್ತದೆ. ಹೊಸದೇನೂ ಬರುವುದಿಲ್ಲ. ಇರುವ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿಯೊಂದು ಏರುತ್ತದೆ, ಅಷ್ಟೆ. ನೀಲಿ ಚೌಕಡಿಯದು, ಕಾಲರು ಸವೆದದ್ದು, ಎದೆಯ ಮೇಲೆ ಗುಂಡಿ ಹಾಕುವ ಜೇಬಿರುವಂಥದ್ದು. ಕಿವಿಗೊಂದು ಸ್ಕಾರ್ಫು, ಕಾಲಿಗೆ ಹೆಬ್ಬೆರಳು ಬೇರೆ ಮಾಡಿದ ಕಾಲುಚೀಲ, ಅದರ ಮೇಲೆ ಚಪ್ಪಲಿ. ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತ ಹೋಗುವವರೆಗೆ ಇದೇ ನನ್ನ ಫ್ಯಾಷನ್ನು.

ನನಗೆ ಸ್ವೆಟರ್ ಇಲ್ಲವೆಂದಲ್ಲ. ಎರಡಿವೆ. ಆದರೆ ಸ್ವೆಟರ್ ಹಾಕಿಕೊಂಡು ರೊಟ್ಟಿ ಬಡಿಯಲು ಹೋದರೆ ಅದರ ತೋಳಿನ ಉಣ್ಣೆಯೆಲ್ಲ ಹಿಟ್ಟಾಗುತ್ತದೆ. ಅಂಗಿಯಾದರೆ ತೋಳು ಮಡಚಿದರಾಯಿತು. ಬೆಳಗಿನ ಏಳರ ಬಸ್ಸಿಗೆ ಸವಣೂರಿನಿಂದ ಹೊರಟು, ಶಿಗ್ಗಾಂವಿಯಲ್ಲಿ ಇಳಿದು, ಗೊಟಗೋಡಿಯ ಕಡೆಯ ಶಾಲೆಗೆ ಇನ್ನೊಂದು ಗಾಡಿ ಹಿಡಿಯುವ ನನ್ನಂಥವಳಿಗೆ ಕನ್ನಡಿಯ ಮುಂದೆ ನಿಲ್ಲಲು ಪುರುಸೊತ್ತೆಲ್ಲಿ? ಹೊಲದ ಕೆಲಸಕ್ಕೆ ಹೋಗುವ ಹೆಂಗಸರೂ ಸೀರೆಯ ಮೇಲೆ ಹೀಗೇ ಗಂಡಸರ ಅಂಗಿ ತೊಡುವುದರಿಂದ ಬಸ್ಸಿನ ಕಂಡಕ್ಟರು ಪ್ರತಿ ಚಳಿಗಾಲವೂ ಒಂದೇ ಮಾತು ಆಡುತ್ತಾರೆ.

"ಅಕ್ಕೋರ, ಇವತ್ತ ಯಾರ ಹೊಲಕ್ಕ ಹತ್ತಿ ಬಿಡಸಾಕ ಹೊಂಟೀರಿ?"

"ನಲವತ್ತ ಸಾಲ ಅದಾವ್ರಿ, ನೀವೂ ಬರ್ರಿ," ಎನ್ನುತ್ತೇನೆ. ನನ್ನ ತರಗತಿಯಲ್ಲಿ ನಲವತ್ತು ಮಕ್ಕಳು.

ಅಂಗಿಯ ನಿಜವಾದ ಉಪಯೋಗ ಅದರ ಜೇಬು. ನನ್ನ ಏಳು ವರ್ಷದ ಮಗಳಿಗೆ ಚಳಿಗಾಲದಲ್ಲಿ ಉಬ್ಬಸ ಬರುತ್ತದೆ. ಬಾಯಿಗಿಟ್ಟು ಒತ್ತುವ ಔಷಧದ ಪಂಪನ್ನು ಡಾಕ್ಟರು ಸದಾ ಹತ್ತಿರವೇ ಇಟ್ಟುಕೊಳ್ಳಲು ಹೇಳಿದ್ದಾರೆ. ಅವಳು ಓದುವುದು ನನ್ನ ಶಾಲೆಯಲ್ಲೇ, ಹೋಗುವುದೂ ಬರುವುದೂ ನನ್ನ ಜೊತೆಗೇ. ಚೀಲವನ್ನು ಬಸ್ಸಿನಲ್ಲಿ ಮೇಲಿಡುತ್ತೇವೆ, ಶಾಲೆಯಲ್ಲಿ ಕಪಾಟಿಗೆ ಹಾಕುತ್ತೇವೆ. ಮೈಮೇಲಿನ ಜೇಬು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ಪಂಪಿನ ಮನೆ ಗಂಡನ ಅಂಗಿಯ ಜೇಬೇ ಆಗಿಬಿಟ್ಟಿತ್ತು.

ಕಳೆದ ಚಳಿಗಾಲದಲ್ಲಿ ನನ್ನ ಬಸುರಿ ತಂಗಿಗೆ ಏಳು ತಿಂಗಳು ತುಂಬಿತ್ತು. ಅವಳನ್ನು ಕೊಟ್ಟದ್ದು ಹಿರೇಕೆರೂರಿನ ಹತ್ತಿರದ ಚಿಕ್ಕೇರೂರಿಗೆ. ಬಸುರಿಗೆ ಹಸಿರು ಸೀರೆ ಉಡಿಸಿ, ತವರಿನವರು ಬುತ್ತಿ ಹೊತ್ತುಕೊಂಡು ಹೋಗಿ ಕುಬಸ ಮಾಡುವುದು ನಮ್ಮಲ್ಲಿಯ ಪದ್ಧತಿ. ಹಾನಗಲ್ಲಿನಲ್ಲಿರುವ ನಮ್ಮವ್ವ ವಾರ ಮೊದಲೇ ಫೋನು ಮಾಡಿದಳು. ಎಷ್ಟು ರೊಟ್ಟಿ, ಎಷ್ಟು ಹೋಳಿಗೆ ಎಂಬುದೆಲ್ಲ ಮುಗಿದ ಮೇಲೆ ಮುಖ್ಯ ಮಾತಿಗೆ ಬಂದಳು.

"ನೋಡವಾ, ಆ ಬೀಗತಿ ಭಾಳ ಠಾಕುಠೀಕಿನಾಕಿ. ಅವರ ಮುಂದ ಗಂಡನ ಅಂಗಿ ಏರಿಸ್ಕೊಂಡ ಬರಬ್ಯಾಡ. ನಿನ್ನ ತಂಗಿ ಅಲ್ಲಿ ಬಾಳೇವು ಮಾಡಬೇಕು."

ತಂಗಿಯ ಅತ್ತೆಯನ್ನು ಮದುವೆಯಲ್ಲಿ ನೋಡಿದ್ದೆ. ಗಂಜಿ ಹಾಕಿದ ಇಳಕಲ್ ಸೀರೆ, ಒಂದು ಕೂದಲೂ ಆಚೀಚೆ ಆಗದ ತುರುಬು. ಅವ್ವ ಹೇಳಿದ್ದು ಸುಳ್ಳೇನಲ್ಲ ಅನ್ನಿಸಿತು. ಹುಬ್ಬಳ್ಳಿಯಲ್ಲಿ ಕೊಂಡು ಎರಡು ವರ್ಷ ಪೆಟ್ಟಿಗೆಯಲ್ಲೇ ಇದ್ದ ನೇರಳೆ ಬಣ್ಣದ ಶಾಲು ತೆಗೆದೆ. ರೇಷ್ಮೆ ಸೀರೆ ಉಟ್ಟು ಶಾಲು ಹೊದ್ದು ಕನ್ನಡಿ ನೋಡಿಕೊಂಡೆ. ಚೆಂದ ಕಂಡೆ, ಸುಳ್ಳು ಯಾಕೆ ಹೇಳಲಿ? ಹೊರಡುವ ಗಡಿಬಿಡಿಯಲ್ಲಿ ಮಗಳ ಬಟ್ಟೆ, ಬುತ್ತಿಯ ಗಂಟು, ಬಸುರಿಗೆ ಬಳೆ ಎಲ್ಲ ನೆನಪಿಟ್ಟೆ. ಅಂಗಿಯನ್ನು ಗೂಟಕ್ಕೆ ಹಾಕಿದೆ, ಮನೆಯಲ್ಲೇ ಉಳಿದ ಗಂಡನಿಗೆ ಹೇಳಿ ಬಾಗಿಲು ಎಳೆದುಕೊಂಡೆ.

ಹಾನಗಲ್ಲಿನಲ್ಲಿ ಅವ್ವನನ್ನೂ ಬುತ್ತಿಗಳನ್ನೂ ಬಾಡಿಗೆ ಗಾಡಿಗೆ ಹಾಕಿಕೊಂಡು ಸಂಜೆ ಚಿಕ್ಕೇರೂರು ಮುಟ್ಟಿದೆವು. ಬೀಗತಿ ಕಾಲಿಗೆ ನೀರು ಕೊಟ್ಟು ಒಳಗೆ ಕರೆದರು. ಅವರ ಕಣ್ಣು ನನ್ನ ಶಾಲಿನ ಮೇಲೆ ಒಂದು ಗಳಿಗೆ ನಿಂತದ್ದನ್ನು ನೋಡಿ ಅವ್ವ ನನ್ನ ಮೊಣಕೈ ತಿವಿದಳು. ಗೆದ್ದೆವು ಎಂದು ಅದರ ಅರ್ಥ.

ಮರುದಿನ ಬೆಳಿಗ್ಗೆ, ಇನ್ನೂ ಹೊತ್ತು ಮೂಡುವ ಮೊದಲು, ಮನೆಯ ಪಕ್ಕದ ಕಣದಲ್ಲಿ ಗೋವಿನಜೋಳದ ರಾಶಿಯ ಯಂತ್ರ ಶುರುವಾಯಿತು. ಬಾಡಿಗೆಯ ಯಂತ್ರ, ಪಾಳಿ ಬಂದಾಗ ಬಿಡುವಂತಿಲ್ಲ. ಮನೆಯಲ್ಲಿ ಕುಬಸ ಇರಲಿ, ಮತ್ತೊಂದಿರಲಿ. ಹತ್ತು ನಿಮಿಷದಲ್ಲಿ ಹೊಟ್ಟಿನ ಧೂಳು ಮಂಜಿನ ಜೊತೆ ಸೇರಿ ಪಡಸಾಲೆಯೊಳಗೆ ಬಂತು. ಬಚ್ಚಲ ಒಲೆಯ ಹೊಗೆ ಬೇರೆ. ನನ್ನ ಪಕ್ಕ ಕೌದಿಯೊಳಗೆ ಮಲಗಿದ್ದ ಮಗಳು ಎದ್ದು ಕೂತಳು. ಅವಳ ಎದೆಯಿಂದ ಆ ಸಿಳ್ಳು ಕೇಳಿಸಿತು.

"ಅವ್ವಾ... ಪಂಪು..." ಎಂದಳು. ಎರಡು ಶಬ್ದಕ್ಕೆ ಎರಡು ಸಲ ಉಸಿರು ಎಳೆದುಕೊಂಡಳು.

ನನ್ನ ಕೈ ತಾನಾಗಿಯೇ ಎದೆಯ ಎಡಕ್ಕೆ ಹೋಯಿತು. ಅಲ್ಲಿ ಶಾಲಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಆ ಗಾದೆಯನ್ನು ಮಕ್ಕಳಿಗೆ ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದವಳು ನಾನು. ಆದರೂ ಚೀಲವನ್ನೆಲ್ಲ ಬುಡಮೇಲು ಮಾಡಿ ಹುಡುಕಿದೆ, ಇರುವುದಿಲ್ಲವೆಂದು ಗೊತ್ತಿದ್ದೂ. ಗಂಡನಿಗೆ ಫೋನು ಮಾಡಿದೆ. "ಇಲ್ಲೇ ಗೂಟಕ್ಕ ಅಂಗಿ ಐತಿ, ಜೇಬಿನ್ಯಾಗ ಪಂಪೂ ಐತಿ," ಎಂದರು. ತಗೊಂಡು ಈಗಲೇ ಹೊರಡುತ್ತೇನೆ ಎಂದರು. ಸವಣೂರಿನಿಂದ ಅವರು ಬರುವವರೆಗೆ ಮಗಳು ತಡೆಯುವಂತಿರಲಿಲ್ಲ. ಅವಳ ಕುತ್ತಿಗೆಯ ಕುಳಿ ಪ್ರತಿ ಉಸಿರಿಗೂ ಒಳಗೆ ಹೋಗುತ್ತಿತ್ತು. ಬೀಗತಿಯ ಒಂದು ನೋಟಕ್ಕಾಗಿ ಮಗಳನ್ನು ಕಳೆದುಕೊಳ್ಳುತ್ತೇನೇನೋ ಅನ್ನಿಸಿತು. ಅಷ್ಟು ಹೆದರಿಕೆ ಹೆರುವಾಗಲೂ ಆಗಿರಲಿಲ್ಲ.

ತಂಗಿಯ ಗಂಡ ಯಂತ್ರ ನಿಲ್ಲಿಸಿ ಓಡಿಬಂದು ಬೈಕು ತೆಗೆದ. ಊರಿನ ದವಾಖಾನೆ ತೆರೆಯುವ ಹೊತ್ತಾಗಿರಲಿಲ್ಲ. "ಹಿರೇಕೆರೂರಿಗೇ ಹೋಗೂಣು, ಕೂಡ್ರಿ ಅಕ್ಕಾ," ಎಂದ. ನಾನು ಶಾಲನ್ನು ಬಿಚ್ಚಿ ಮಗಳಿಗೆ ಸುತ್ತಿ, ಬರಿಯ ಸೀರೆಯಲ್ಲಿ ಅಂಗಳಕ್ಕಿಳಿದೆ.

"ನಿಲ್ರಿ," ಎಂದು ಹಿಂದಿನಿಂದ ಬೀಗತಿ ಕೂಗಿದರು. ಅವರು ದನದ ಕೊಟ್ಟಿಗೆಯ ಬಾಗಿಲ ಹಿಂದೆ ಕೈಹಾಕಿ ಏನೋ ಎಳೆದು ತಂದರು. ಗಂಡಸರ ಅಂಗಿ. ಬಿಳಿಯದೋ ಬೂದುಬಣ್ಣದ್ದೋ ಹೇಳಲಾಗದ್ದು, ತೋಳಿಗೆ ಸಗಣಿ ಮೆತ್ತಿದ್ದು. ನನ್ನ ಕೈಗಳನ್ನು ತಾವೇ ತೋಳಿನೊಳಗೆ ತೂರಿಸಿ ಗುಂಡಿ ಹಾಕತೊಡಗಿದರು.

"ನಮ್ಮ ಮನೆಯವರದು. ಎಮ್ಮಿ ಹಿಂಡಾಕ ಹೋಗುಮುಂದ ಹಾಕ್ಕೋತೇನಿ. ಬೀಗರು ಬರ್ತಾರಂತ ನಿನ್ನೆ ಇಲ್ಲಿ ಮುಚ್ಚಿಟ್ಟಿದ್ದೆ," ಎಂದರು. "ಎದೀಗೆ ಗಾಳಿ ಬಡೀತೈತಿ. ನೀವು ಬಿದ್ರ ಕೂಸನ್ನ ಯಾರು ಹಿಡೀಬೇಕು? ನಡೀರಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡಕ್ಕೂ ಸಮಯವಿರಲಿಲ್ಲ. ದಾರಿಯುದ್ದಕ್ಕೂ ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣಗಲು ಹರವಿದ್ದರು. ತಂಗಿಯ ಗಂಡ ಬದಿಗಿಟ್ಟ ಕಲ್ಲುಗಳನ್ನು ತಪ್ಪಿಸುತ್ತ ಬೈಕು ಬಿಟ್ಟ. ಮಗಳನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡು, ಅವಳ ಬೆನ್ನಿಗೆ ನನ್ನ ಎದೆ ಒತ್ತಿ, ಅವಳ ಒಂದೊಂದು ಉಸಿರನ್ನೂ ಎಣಿಸಿದೆ. ಒಂದು ತಡವಾದರೆ ನನ್ನದೂ ನಿಲ್ಲುತ್ತಿತ್ತು.

ಹಿರೇಕೆರೂರಿನ ದವಾಖಾನೆಯಲ್ಲಿ ನರ್ಸಮ್ಮ ಒಂದು ಮಾತೂ ಕೇಳದೆ ಮಗಳ ಮೂಗುಬಾಯಿಗೆ ಮುಸುಕು ಹಾಕಿ ಔಷಧದ ಹಬೆ ಬಿಟ್ಟರು. ಒಂದು ಸಲ ಮುಗಿಯಿತು. ಸಿಳ್ಳು ಹಾಗೆಯೇ ಇತ್ತು. ಡಾಕ್ಟರು ಬಂದು ಎದೆಗೆ ಕೊಳವೆ ಇಟ್ಟು ನೋಡಿ ಇನ್ನೊಂದು ಹಾಕಲು ಹೇಳಿದರು. ನಾನು ಕಂಡಕಂಡ ದೇವರಿಗೆಲ್ಲ ಬೇಡಿಕೊಂಡೆ, ಸವಣೂರಿನ ದರ್ಗಾಕ್ಕೂ ಸಕ್ಕರೆಯ ಹರಕೆ ಹೇಳಿಕೊಂಡೆ. ಎರಡನೆಯದು ಮುಗಿಯುವ ಹೊತ್ತಿಗೆ ಅವಳ ಕುತ್ತಿಗೆಯ ಕುಳಿ ಒಳಗೆ ಹೋಗುವುದು ನಿಂತಿತು. ತುಟಿಗೆ ಬಣ್ಣ ಬಂತು. ನರ್ಸಮ್ಮ ಮುಸುಕು ತೆಗೆದರು.

ಮಗಳು ನನ್ನ ತೋಳಿಗೆ ಮೂಗು ತಾಗಿಸಿ ಮುಖ ಕಿವುಚಿದಳು. "ಅವ್ವಾ ಇದು ನಮ್ಮ ಅಪ್ಪನ ಅಂಗಿ ಅಲ್ಲ, ಎಮ್ಮಿ ವಾಸನಿ ಹೊಡಿಯಾಕತ್ತೈತಿ, ಯಾರದು ತಂದ ಹಾಕ್ಕೊಂಡಿ ನೀ?" ಎಂದಳು.

ನಡುವೆ ಒಂದು ಕಡೆಯೂ ನಿಲ್ಲಲಿಲ್ಲ. ಅಷ್ಟೂ ಮಾತು ಒಂದೇ ಉಸಿರಿನಲ್ಲಿ. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ತಂಗಿಯ ಗಂಡ ಗಾಬರಿಯಾದ. "ಏನೂ ಇಲ್ಲಪ್ಪ, ಆರಾಮ ಆತು," ಎಂದೆ. ನಿಜವಾಗಿಯೂ ಆರಾಮವಾಗಿತ್ತು, ಕಟ್ಟಿಗೆಯ ಹೊರೆ ಇಳಿಸಿದ ಹಾಗೆ ಹೆಗಲು ಹಗುರಾಗಿತ್ತು. ಅರ್ಧ ದಾರಿಗೆ ಬಂದಿದ್ದ ನನ್ನ ಗಂಡನಿಗೆ ಫೋನು ಮಾಡಿ, ಗಾಡಿ ಸಾವಕಾಶ ಬಿಡಿ, ಸೀದಾ ಚಿಕ್ಕೇರೂರಿಗೇ ಬನ್ನಿ ಎಂದೆ. ಮಗಳನ್ನು ಎರಡು ತಾಸು ಅಲ್ಲೇ ಇಟ್ಟುಕೊಂಡು ನೋಡಿ, ಪಂಪು ಬರೆದುಕೊಟ್ಟು ಕಳಿಸಿದರು. ಔಷಧದಂಗಡಿಯಲ್ಲಿ ಕೊಂಡ ಪಂಪನ್ನು ಬೀಗತಿಯ ಗಂಡನ ಜೇಬಿಗೆ ಹಾಕಿ ಗುಂಡಿ ಬಿಗಿದೆ.

ನಾವು ಮುಟ್ಟುವ ಹೊತ್ತಿಗೆ ಯಂತ್ರವನ್ನು ಬೇರೆಯವರ ಕಣಕ್ಕೆ ಕಳಿಸಿ, ಅಂಗಳಕ್ಕೆಲ್ಲ ನೀರು ಹೊಡೆದಿದ್ದರು. ಪಾಳಿ ಬಿಟ್ಟುಕೊಟ್ಟ ಮೇಲೆ ಮತ್ತೆ ಯಾವಾಗ ಯಂತ್ರ ಸಿಗುತ್ತದೋ ಯಾರಿಗೂ ಗೊತ್ತಿರಲಿಲ್ಲ. ಒಳಗೆ ತಂಗಿ ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ನಾವು ಬರುವವರೆಗೆ ಶಾಸ್ತ್ರ ಶುರು ಮಾಡಕೂಡದೆಂದು ಅವಳ ಅತ್ತೆ ಹಟ ಹಿಡಿದಿದ್ದರಂತೆ. ಹೆಂಗಸರೆಲ್ಲ ರೇಷ್ಮೆಯಲ್ಲಿದ್ದರು. ನಾನು ಸಗಣಿ ತೋಳಿನಲ್ಲಿ ಬಾಗಿಲಲ್ಲಿ ನಿಂತೆ. ಅವ್ವ ನನ್ನನ್ನು ನೋಡಿದಳು, ಮಗಳನ್ನು ನೋಡಿದಳು, ಮಗಳನ್ನು ಎತ್ತಿಕೊಂಡಳು.

ತಂಗಿಗೆ ಉಡಿ ತುಂಬಿದ ಮೇಲೆ ಬಂದ ಮುತ್ತೈದೆಯರ ಪಾಳಿ. ಬೀಗತಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಹಿಡಿದು ಮೊದಲು ನನ್ನ ಮುಂದೆ ಬಂದು ನಿಂತರು. ನಾನು ಅವಸರದಲ್ಲಿ ಅಂಗಿಯ ಮೇಲಿನ ಗುಂಡಿಗೆ ಕೈಹಾಕಿದೆ.

"ಇರಲಿ ಬಿಡ್ರಿ," ಎಂದರು ಬೀಗತಿ, ಎಲ್ಲರಿಗೂ ಕೇಳುವ ಹಾಗೆ. "ಇನ್ನೂ ಥಂಡಿ ಐತಿ."

ನಾನು ಗುಂಡಿ ಬಿಚ್ಚದೆಯೇ ಸೆರಗು ಒಡ್ಡಿದೆ.