ಒಂಬತ್ತನೇ ವಿಷಯ

ಚಿಕ್ಕೋಡಿ ಕಡೆಯ ಒಂದು ಹಾಲಿನ ಸಹಕಾರಿ ಸಂಘದಲ್ಲಿ ನಾನು ಹಾಲು ಪರೀಕ್ಷೆ ಮಾಡುವ ಕೆಲಸಕ್ಕಿದ್ದೆ. ಆಡಳಿತ ಮಂಡಳಿ ಸಭೆಯ ನೋಟಿಸಿನಲ್ಲಿ ಕೊನೆಯ ಸಾಲು ಯಾವತ್ತೂ ಒಂದೇ: ‘೯. ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು.’ ಹೊಸದೇನಿದ್ದರೂ ಅಲ್ಲಿಗೇ. ಎಂಟನೆಯದು ಮುಗಿಯುವಾಗ ಚುರುಮುರಿ, ಚಹಾ ಬರುತ್ತಿದ್ದವು. ಒಂಬತ್ತನೆಯದಕ್ಕೆ ನಿರ್ದೇಶಕರೆಲ್ಲ ಚಪ್ಪಲಿ ಹುಡುಕುತ್ತಿದ್ದರು.

ನಾನು ಕೇಳಿದ್ದು ಮಹಾ ಏನಲ್ಲ. ಹಳ್ಳಿಗೊಂದು ನಾಲ್ಕು ಬಟ್ಟಲಿನ ತಟ್ಟೆ, ಒಂದು ಬಾಟಲಿ ಔಷಧ. ಎಮ್ಮೆಯ ನಾಲ್ಕೂ ಮೊಲೆಯ ಹಾಲನ್ನು ಬೇರೆ ಬೇರೆ ಬಟ್ಟಲಿಗೆ ಹಿಂಡಿ, ಔಷಧ ಹಾಕಿ ಅಲ್ಲಾಡಿಸಿದರೆ ರೋಗವಿದ್ದ ಮೊಲೆಯ ಹಾಲು ಅಂಬಲಿಯಂತೆ ಗಟ್ಟಿಯಾಗುತ್ತದೆ. ಕೆಚ್ಚಲು ಬಾವು ಕಣ್ಣಿಗೆ ಕಾಣುವ ಮೊದಲೇ ಸಿಕ್ಕಿಬೀಳುತ್ತದೆ.

ಅಧ್ಯಕ್ಷರು ಪ್ರತಿ ಸಲ ಅವಿರೋಧವಾಗಿ ಆರಿಸಿ ಬರುತ್ತಿದ್ದವರು.

“ನಮ್ಮ ಅಜ್ಜಾ ಹಾಲ ಹಿಂಡೂ ಮುಂದ ಯಾವ ಪರೀಕ್ಷಾ ಮಾಡಿದ್ದರಿ, ಮೇಡಂ? ಮುಂದಿನ ಮೀಟಿಂಗಿನ್ಯಾಗ ನೋಡೂಣು.”

ನಿರ್ದೇಶಕರು ನಕ್ಕರು. ಕೋಣನ ಮುಂದೆ ಕಿನ್ನರಿ ಬಾರಿಸಿದೆ ಎನ್ನುವಂತೆಯೂ ಇಲ್ಲ, ಕೋಣ ಕಿವಿಯನ್ನಾದರೂ ಅಲ್ಲಾಡಿಸುತ್ತದೆ. ಅದೇ ಸಭೆಯ ಎರಡನೇ ವಿಷಯ, ಗೇಟಿಗೊಂದು ಕಲ್ಲಿನ ಕಮಾನು ಮತ್ತು ಅದರ ಮೇಲೆ ಅಧ್ಯಕ್ಷರ ಹೆಸರು, ಚಹಾ ಬರುವ ಮೊದಲೇ ಮಂಜೂರಾಗಿತ್ತು. ಈಗ ಬರೆಯುವಾಗಲೂ ಮೈ ಉರಿಯುತ್ತದೆ. ಕಮಾನು ಹಾಲು ಕೊಡುತ್ತದೆಯೇ?

ಸದಲಗಾ ಕಡೆಯ ಒಬ್ಬ ಹೆಂಗಸು ದಿನಾ ಹಾಲು ಹಾಕುತ್ತಿದ್ದಳು. ಇದ್ದದ್ದು ಒಂದೇ ಎಮ್ಮೆ, ಮನೆ ನಡೆಯುತ್ತಿದ್ದದ್ದೂ ಅದರಿಂದಲೇ. ತಟ್ಟೆಯ ಸಂಗತಿ ನಾನೇ ಹೇಳಿದ್ದೆ, ಕಂಡಾಗಲೆಲ್ಲ ಕೇಳುತ್ತಿದ್ದಳು.

“ಅಕ್ಕಾರ, ಆ ತಾಟು ಯಾವಾಗ ಬರ್ತೈತ್ರಿ?”

“ಒಂಬತ್ತನೇ ವಿಷಯಕ್ಕ ಹಾಕೇನವಾ.”

ಎಷ್ಟೋ ಸಲ ಇದೇ ಉತ್ತರ ಕೊಟ್ಟೆ. ನಾನೇ ಕೊಂಡಿದ್ದ ತಟ್ಟೆ ಒಂದಿತ್ತು. ಅದನ್ನು ಹಿಡಿದು ರಾಯಬಾಗದ ಹಳ್ಳಿಗಳಲ್ಲಿ ತಿರುಗುತ್ತಿದ್ದ ವಾರವೇ ಅವಳ ಎಮ್ಮೆಗೆ ಕೆಚ್ಚಲು ಬಾತಿತು. ಡಾಕ್ಟರು ಬರುವಷ್ಟರಲ್ಲಿ ಮೂರು ಮೊಲೆ ಕೆಟ್ಟಿದ್ದವು. ಎಮ್ಮೆಯನ್ನು ಸಂತೆಯಲ್ಲಿ ಮಾರಿದಳು.

ಕಮಾನಿನ ಸುಣ್ಣಬಣ್ಣ ಮುಗಿದ ಮೇಲೆ ಒಂದು ಮುಂಜಾನೆ ಅಧ್ಯಕ್ಷರ ಫೋನ್ ಬಂತು.

“ಮೇಡಂ, ನಮ್ಮ ಎಮ್ಮಿ ಹಾಲ ಕಡಿಮಿ ಮಾಡೇತಿ. ನಿಮ್ಮ ತಾಟು ತಗೊಂಡ ಲಗೂನ ಬರ್ರಿ.”

ಹೋದೆ. ನನ್ನ ಸಿಟ್ಟು ಅವರ ಮೇಲೆ, ಎಮ್ಮೆಯ ಮೇಲಲ್ಲ. ಒಂದು ಬಟ್ಟಲಿನ ಹಾಲು ಗಟ್ಟಿಯಾಯಿತು, ಅಂದೇ ಇಂಜೆಕ್ಷನ್ ಆಯಿತು, ಎಮ್ಮೆ ಉಳಿಯಿತು.

ಮುಂದಿನ ನೋಟಿಸಿನಲ್ಲಿ ನನ್ನ ತಟ್ಟೆ ಮೊದಲನೇ ವಿಷಯ! ಎಲ್ಲ ಹಳ್ಳಿಗೂ ಮಂಜೂರು. ಅಧ್ಯಕ್ಷರ ದೂರದೃಷ್ಟಿಗೆ ಅಭಿನಂದನೆಯ ಠರಾವು ಬೇರೆ. ತಮ್ಮ ಕೊಟ್ಟಿಗೆಯಾಚೆ ಏನೂ ಕಾಣದವರಿಗೆ ದೂರದೃಷ್ಟಿಯಂತೆ. ನಾನು ಚಪ್ಪಾಳೆ ತಟ್ಟಲಿಲ್ಲ.

ಮೊದಲ ತಟ್ಟೆಯನ್ನು ಸದಲಗಾ ಕಡೆಗೇ ಒಯ್ದೆ. ಅವಳ ಕೊಟ್ಟಿಗೆಯಲ್ಲಿ ಗೂಟವೊಂದೇ ಇತ್ತು. ಓಣಿಯವರ ಎಮ್ಮೆಗಳನ್ನಾದರೂ ನೋಡು ಎಂದು ತಟ್ಟೆ ಕೈಗಿಟ್ಟು, ಅದು ಹೇಗೆ ಪಾಸಾಯಿತೆಂದು ಮುಚ್ಚಿಡದೆ ಹೇಳಿದೆ. ಅವಳು ಅದನ್ನು ತಿರುವಿ ತಿರುವಿ ನೋಡಿದಳು.

“ಅವರ ಎಮ್ಮಿ ಆದ್ರ ಒಂದನೇ ನಂಬರ. ನಮ್ಮ ಎಮ್ಮಿ ಆದ್ರ ಒಂಬತ್ತನೇದೇನ್ರಿ, ಅಕ್ಕಾರ?”