ಇನ್ನೊಬ್ಬರ ಮಡು

ವರ್ಲಿನ್ ಮೆಸರ್ ಎಂದರೆ ನಮ್ಮ ತೊರೆಯಲ್ಲಿ ಗಾಳ ಹಾಕುವವರಿಗೆಲ್ಲ ಈಗ ಮೈ ಉರಿಯುತ್ತದೆ. ಶನಿವಾರ ಬಂತೆಂದರೆ ಎದೆಮಟ್ಟದ ರಬ್ಬರ್ ಚೊಣ್ಣ ಏರಿಸಿಕೊಂಡು ನೀರಿಗಿಳಿಯುತ್ತಾನೆ. ಕೈಯಲ್ಲಿ ಗಾಳದ ಕೋಲೂ ಇರುವುದಿಲ್ಲ. ಯಾರೋ ಪಾಪ ಬೆಳಗಿನಿಂದ ಉಸಿರು ಬಿಗಿಹಿಡಿದು ಒಂದೇ ಒಂದು ಟ್ರೌಟ್ ಮೀನಿಗೆ ಕಾದು ನಿಂತಿರುತ್ತಾರೆ. ಇವನು ನೀರು ಚಿಮ್ಮಿಸುತ್ತ ನೇರ ಅವರ ಮಡುವಿನೊಳಕ್ಕೇ ನುಗ್ಗಿ ಮುಖ ನೋಡುತ್ತಾನೆ.

"ಚೆನ್ನಾಗಿದೀಯಾ?"

"ಇದ್ದೆ ಕಣೋ, ನೀನು ಬರೋ ತನಕ!"

ಬೈಸಿಕೊಂಡು, ತಲೆಯಾಡಿಸಿ, ಮುಂದಿನ ಮಡುವಿಗೆ ಹೋಗುತ್ತಾನೆ. ಅಲ್ಲೂ ಬೈಸಿಕೊಳ್ಳುತ್ತಾನೆ.

ಇದೇ ವರ್ಲಿನ್ ಒಂದು ಕಾಲದಲ್ಲಿ ನೀರಿನ ಮರ್ಯಾದೆ ಅಂದರೆ ಪ್ರಾಣ ಬಿಡುತ್ತಿದ್ದ. ಅವನೂ ಅಷ್ಟೇ, ಅವನ ತಮ್ಮ ಗೇದರೂ ಅಷ್ಟೇ. ಗೇದರ್ ನನ್ನ ಅಕ್ಕ ಲೂವೀನಳ ಗಂಡ. ನಾನು ಮದುವೆಯಾಗದೆ ಅಕ್ಕನ ಮನೆಯಲ್ಲೇ ಉಳಿದವಳು. ವರ್ಲಿನ್‌ಗೂ ಮದುವೆಯಿಲ್ಲ, ಗುಡ್ಡದ ಕೆಳಗೆ ಒಂದು ಕೋಣೆಯ ಮನೆ. ನಮ್ಮಿಬ್ಬರಿಗೂ ಗಂಟು ಹಾಕಲು ಚರ್ಚಿನ ಹೆಂಗಸರು ವರ್ಷಗಟ್ಟಲೆ ಹೆಣಗಿದರು. ಮೀನಿನ ವಾಸನೆಯ ಗಂಡಸು ನನಗೆ ಬೇಡವಾಗಿತ್ತು, ನನ್ನ ಬಾಯಿ ಅವನಿಗೆ ಬೇಡವಾಗಿತ್ತು.

ವಾರವೆಲ್ಲ ಅಣ್ಣತಮ್ಮಂದಿರಿಗೆ ಕಾಗದದ ಮಿಲ್ಲಿನಲ್ಲಿ ಕಿವಿ ಹರಿದುಹೋಗುವ ಯಂತ್ರಗಳ ನಡುವೆ ದುಡಿತ. ಸಂಜೆ ನಮ್ಮ ಅಡುಗೆಮನೆಯಲ್ಲಿ ಕೂತು ಕೊಕ್ಕೆಗೆ ಹುಂಜದ ಗರಿ ಸುತ್ತಿ, ಮೀನು ಮೋಸಹೋಗಿ ಕಚ್ಚಲಿ ಅಂತ ಹುಸಿ ನೊಣ ಕಟ್ಟುವುದು. ಶನಿವಾರ ತೊರೆ. ಭಾನುವಾರ ಚರ್ಚು ಮುಗಿಸಿ ಲೂವೀನಳ ಮೇಜಿನಲ್ಲಿ ಊಟ: ಕರಿದ ಕೋಳಿ, ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು. ಒಲೆಯ ಪಕ್ಕದ ಕುರ್ಚಿ ವರ್ಲಿನ್‌ನದು. ಅವನಿಗೆ ಸಂಸಾರ ಅಂತ ಇದ್ದದ್ದು ಆ ಮೇಜೊಂದೇ.

ನೀರಿನ ಮರ್ಯಾದೆ ಹೀಗೆ: ಮುಂದೆ ಹೋದವನು ನೀರಿಗಿಳಿದ ಕಡೆ ದಡದಲ್ಲಿ ಒಂದು ಹಸಿ ಕೋಲು ನೆಡಬೇಕು, ಮುಗಿಸಿ ದಡಕ್ಕೆ ಬಂದಾಗ ಅದನ್ನು ಕೀಳಬೇಕು. ಕೋಲು ಕಂಡರೆ ಹಿಂದೆ ಬಂದವನು ನೀರು ಬಿಟ್ಟು ಪೊದೆಗಳ ಮಧ್ಯದ ಕಾಲುದಾರಿ ಹಿಡಿದು, ಸುತ್ತಿಕೊಂಡು ಹೋಗಿ ಮೇಲಿನ ತಿರುವಿನಾಚೆ ಇಳಿಯಬೇಕು. ಆ ಮಡುವಿನ ಕಡೆ ಇಣುಕಲೂ ಕೂಡದು. ಮನುಷ್ಯನ ನೆರಳು ಬಿದ್ದರೆ ಸಾಕು, ಟ್ರೌಟ್ ಕಲ್ಲಿನಡಿ ಸೇರಿಕೊಂಡು ಮತ್ತೆ ಹೊರಗೆ ಬರುವುದಿಲ್ಲ. ಚಿಕ್ಕವರಿದ್ದಾಗ ಅವರಪ್ಪ ಬೆಲ್ಟು ಬಿಚ್ಚಿ ಕಲಿಸಿದ ಪಾಠ ಇದು.

ಮೇಲೆ ಹಿಮ ಕರಗಿ ತೊರೆ ತುಂಬಿದ್ದ ಒಂದು ಶನಿವಾರ ಗೇದರ್ ಮುಂದೆ ಹೋದ, ಕೋಲು ನೆಟ್ಟ, ಇಳಿದ. ವರ್ಲಿನ್ ಕೋಲು ನೋಡಿದ, ನೀರು ಬಿಟ್ಟು ಸುತ್ತಿಹೋದ. ಮೇಲಿನ ತಿರುವಿನಾಚೆ ಅವನಿಗೆ ಅಂದು ಸಿಕ್ಕಷ್ಟು ಮೀನು ಜನ್ಮದಲ್ಲಿ ಸಿಕ್ಕಿರಲಿಲ್ಲವಂತೆ. ಹಿಡಿದು, ನೋಡಿ, ಒಂದೊಂದನ್ನೂ ಮತ್ತೆ ನೀರಿಗೇ ಬಿಟ್ಟ. ಸಂಜೆ ಗಾಡಿಯ ಹತ್ತಿರ ಬಂದು ಇಬ್ಬರ ಬುತ್ತಿ ಬಿಚ್ಚಿಟ್ಟು ಕಾದ. ತಮ್ಮ ಬರಲಿಲ್ಲ. ಹುಡುಕಿಕೊಂಡು ಹೋದರೆ ಕೋಲು ನೆಟ್ಟಲ್ಲೇ ಇತ್ತು.

ಎರಡು ಬಂಡೆಗಳ ನಡುವೆ ಗೇದರ್‌ನ ಕಾಲು ಸಿಕ್ಕಿಕೊಂಡಿತ್ತು. ನೀರು ಕುತ್ತಿಗೆಯವರೆಗೆ. ಮುಳುಗಿ ಸತ್ತದ್ದಲ್ಲ, ತಲೆ ಮೇಲೆತ್ತಿಕೊಂಡೇ ಬಹಳ ಹೊತ್ತು ಇದ್ದಿರಬೇಕು, ಆಮೇಲೆ ಚಳಿ ತೆಗೆದುಕೊಂಡು ಹೋಯಿತು ಅಂದರು ಡಾಕ್ಟರು. ಆ ಮಾತು ಅವರು ಹೇಳಬಾರದಿತ್ತು. ಬಹಳ ಹೊತ್ತು ಅನ್ನುವುದು ಅಕ್ಕನ ತಲೆಯಲ್ಲಿ ಕೂತುಬಿಟ್ಟಿತು.

ಕೂಗು ಕೇಳಿಸಿತಾ ಅಂತ ಪೊಲೀಸರು ಕೇಳಿದರು. "ಇಲ್ಲ," ಅಂದ ವರ್ಲಿನ್. ಊರು ನಂಬಿತು. ಮಿಲ್ಲಿನವರ ಕಿವಿ ಯಾರಿಗೆ ಗೊತ್ತಿಲ್ಲ? ಎಲ್ಲರಿಗಿಂತ ಹೆಚ್ಚು ನಂಬಿದವಳು ಲೂವೀನ. ಮಣ್ಣು ಮಾಡಿ ಬಂದ ಮೇಲಿನ ಭಾನುವಾರವೇ ಒಲೆಯ ಪಕ್ಕ ಅವನ ತಟ್ಟೆ ಇಟ್ಟಳು.

"ಕೂತ್ಕೋ ವರ್ಲಿನ್!" ಅಂತ ಕಿವುಡರಿಗೆ ಹೇಳುವ ಹಾಗೆ ಕಿರುಚಿದಳು. "ನಿಂದೇನು ತಪ್ಪಪ್ಪಾ! ಆ ಹಾಳು ಮಿಲ್ಲು ನಿನ್ನ ಕಿವಿ ತಿಂದುಹಾಕಿದೆ!"

ಅಂದಿನಿಂದ ಅವನೊಡನೆ ಆಡುವ ಮಾತೆಲ್ಲ ಹೀಗೆ ಗಂಟಲು ಹರಿಯುವಂತೆಯೇ. ನನಗೆ ಮಾತ್ರ ಒಳಗೊಳಗೇ ಕಿರಿಕಿರಿ. ಒಮ್ಮೆ ಸಿಂಕಿನ ಹತ್ತಿರ ನಿಂತು, ಸಾರಿಗೆ ಉಪ್ಪೇ ಹಾಕಿಲ್ಲವಲ್ಲ ಅಂತ ನನ್ನಷ್ಟಕ್ಕೆ ನಾನೇ ಗೊಣಗಿದೆ. ವರ್ಲಿನ್ ಮೇಜಿನಿಂದ ಉಪ್ಪಿನ ಡಬ್ಬಿ ತಂದು ಕೊಟ್ಟ. ನಾನು ಅವನ ಮುಖ ನೋಡಿದೆ. ಅವನು ನೆಲ ನೋಡಿದ.

ಮುಂದಿನ ಬೇಸಿಗೆಗೆ ಊರವರ ದೂರು ಅಕ್ಕನವರೆಗೂ ಬಂತು. ಒಂದು ಭಾನುವಾರ ಬಡಿಸುತ್ತಲೇ ಕೇಳಿದಳು: "ಏನೋ ಇದು, ಕಂಡವರ ಮಡುವಿಗೆಲ್ಲ ನುಗ್ತೀಯಂತೆ? ನಿಮ್ಮಪ್ಪ ಇದ್ದಿದ್ರೆ ಚರ್ಮ ಸುಲೀತಿದ್ದ!"

ವರ್ಲಿನ್ ಚಮಚ ಕೆಳಗಿಟ್ಟ. ಇನ್ನೂ ಸುಮ್ಮನಿರಬಹುದಿತ್ತು. ಇದ್ದಿದ್ದರೆ ಆ ಕುರ್ಚಿ ಅವನದೇ ಆಗಿ ಉಳಿಯುತ್ತಿತ್ತು, ಅದು ಅವನಿಗೂ ಗೊತ್ತಿತ್ತು.

"ಕೇಳಿಸಿತ್ತು ಲೂವೀನ," ಅಂದ.

"ಏನು?"

"ಅವತ್ತು. ಗೇದರ್ ಕೂಗಿದ್ದು."

ಅಕ್ಕನ ಕೈಯಲ್ಲಿ ಕೋಳಿಯ ತುಂಡು ಹಿಡಿದ ಇಕ್ಕಳ ಹಾಗೇ ನಿಂತಿತು.

"ಏನಂತ ಕೂಗಿದ!"

"ನನ್ನ ಹೆಸರು. ದೊಡ್ಡ ಮೀನು ಬಿದ್ದಿದೆ, ತೋರಿಸೋಕೆ ಕರೀತಿದಾನೆ ಅಂದ್ಕೊಂಡೆ. ಕೋಲು ಬೇರೆ ನೆಟ್ಟಿದ್ದ, ಹೋಗೋ ಹಾಗಿಲ್ಲ. ಹೊಟ್ಟೆಕಿಚ್ಚೂ ಆಯ್ತು, ಸುಳ್ಳು ಹೇಳಲ್ಲ. ನನಗೂ ಸಿಗಲಿ ಅಂತ ಬಿರಬಿರನೆ ಮೇಲಕ್ಕೆ ಹೋದೆ."

"ಒಂದೇ ಸಲ ಕೂಗಿದ್ನಾ?"

"ಇಲ್ಲ."

"ಮತ್ತೆ?"

"ಕೂಗ್ತಾನೇ ಇದ್ದ. ನಾನು ಕೇಳಿಸದಷ್ಟು ದೂರ ಹೋಗೋವರೆಗೂ."

ನನಗೆ ಬಿಸಿನೀರು ಎತ್ತಿ ಅವನ ಮುಖಕ್ಕೆ ಎರಚಬೇಕು ಅನ್ನಿಸಿತು. ಮರುಗಳಿಗೆಯೇ, ಒಂದು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಇದೇ ಮೇಜಿನಲ್ಲಿ ಊಟ ಮಾಡಿದ್ದಾನಲ್ಲ ಅಂತ ಸಂಕಟವೂ ಆಯಿತು. ಎರಡೂ ನಿಜ.

ಲೂವೀನ ಅಳಲಿಲ್ಲ, ಬಯ್ಯಲಿಲ್ಲ. ಕೋಳಿಯ ತುಂಡನ್ನು ಅವನ ತಟ್ಟೆಗೇ ಇಟ್ಟಳು. ಬ್ರೆಡ್ಡಿಟ್ಟಳು. ಆಮೇಲೆ, ಎಷ್ಟೋ ಕಾಲದ ಮೇಲೆ ಮೊದಲ ಬಾರಿಗೆ ದನಿ ಇಳಿಸಿ, ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳದಷ್ಟು ಮೆಲ್ಲಗೆ ಅಂದಳು: "ಉಂಡು ಹೋಗು. ಇನ್ಮೇಲೆ ಬರಬೇಡ."

ವರ್ಲಿನ್‌ಗೆ ಕೇಳಿಸಿತು. ಬಡಿಸಿದ್ದನ್ನೆಲ್ಲ ಉಂಡ, ತಟ್ಟೆ ತೊಳೆದು ಕವುಚಿಟ್ಟ, ಕುರ್ಚಿಯನ್ನು ಮೇಜಿನಡಿ ಸರಿಸಿ ಹೊರಟುಹೋದ.