ಬಿಳಿ ಬೆಕ್ಕಿನ ಮೂಗಿನ ಮೇಲೆ ಅರಿಶಿನ

ನಮ್ಮ ಮನೆಗೆ ಅತಿಥಿಗಳಿಗಿಂತ ಮೊದಲು ಒಳಗೆ ಬರುವುದು ಅವರ ಮೂಗು. ನಾನು ಬಾಗಿಲು ತೆರೆದು "ಬನ್ನಿ ಬನ್ನಿ" ಎನ್ನುವಷ್ಟರಲ್ಲಿ ಅವರು ಒಮ್ಮೆ ಜೋರಾಗಿ ಉಸಿರೆಳೆದುಕೊಂಡಾಗಿರುತ್ತದೆ. "ಏನ್ ನೀಟಾಗಿಟ್ಕೊಂಡಿದೀರಾ ಮನೇನ" ಎಂದು ಬಾಯಿ ಹೊಗಳುತ್ತಿದ್ದರೂ ಮೂಗು ಇನ್ನೂ ಹುಡುಕುತ್ತಲೇ ಇರುತ್ತದೆ. ಡೌನರ್ಸ್ ಗ್ರೋವ್ ಎಂಬ ನಮ್ಮ ಈ ಅಮೆರಿಕನ್ ಊರಿನಲ್ಲಿ ನನಗೆ ಗೊತ್ತಿರುವ ಕನ್ನಡದವರ ಪೈಕಿ ಬೆಕ್ಕು ಸಾಕಿರುವವರು ನಾವು ಮಾತ್ರ, ಅದೂ ಎರಡು. ನಾಯಿ ಸಾಕಿದವರಿಗೆ ನಮ್ಮ ಜನರಲ್ಲಿ ಮರ್ಯಾದೆ ಇದೆ. ಬೆಕ್ಕು ಸಾಕಿದವರನ್ನು ಮಾತ್ರ, ಮನೆಯಲ್ಲಿ ಯಾರಿಗೋ ಹೇಳಿಕೊಳ್ಳಲಾಗದ ಕಾಯಿಲೆ ಇದೆಯೇನೋ ಎಂಬಂತೆ, ದನಿ ತಗ್ಗಿಸಿ ವಿಚಾರಿಸುತ್ತಾರೆ.

ಬೆಕ್ಕುಗಳು ನಾನು ತಂದವಲ್ಲ. ಮಗಳು ಕಾಲೇಜಿನಲ್ಲಿದ್ದಾಗ ಒಂದು ಬಿಳಿಯದು, ಒಂದು ಕರಿಯದು ತಂದುಕೊಂಡಳು. ಡೆಟ್ರಾಯಿಟ್ ಹತ್ತಿರ ಕೆಲಸ ಸಿಕ್ಕಾಗ "ಜಸ್ಟ್ ಒನ್ ಮಂತ್, ಅಮ್ಮಾ" ಎಂದು ನಮ್ಮಲ್ಲಿ ಬಿಟ್ಟುಹೋದಳು. ಆ ತಿಂಗಳು ಇನ್ನೂ ಮುಗಿದಿಲ್ಲ. ಫೋನು ಮಾಡಿದರೆ ಮೊದಲು ಬೆಕ್ಕುಗಳ ಯೋಗಕ್ಷೇಮ, ಆಮೇಲೆ ಸಮಯ ಉಳಿದರೆ ನಮ್ಮದು.

ನಾನು ಮೈಸೂರಿನ ಮಡಿ ಮನೆಯಲ್ಲಿ ಬೆಳೆದವಳು. ಶುಚಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ಮಗಳು ಹೇಳಿದಳು, ಅದೂ ಫೋನಿನಲ್ಲಿ. ನೆಲಕ್ಕೆ ಫಿನೈಲ್ ಹಾಕಬಾರದು, ಬೆಕ್ಕು ಪಾದ ನೆಕ್ಕಿಕೊಂಡರೆ ವಿಷ. ರೇಷ್ಮೆ ಸೀರೆಗಳ ನಡುವೆ ಡಾಂಬರು ಗುಳಿಗೆ ಇಡಬಾರದು, ವಿಷ. ಕರ್ಪೂರ ವಿಷ, ಈರುಳ್ಳಿ ವಿಷ, ಹೂ ಕಟ್ಟಿ ಮಿಕ್ಕಿದ ದಾರ ನೆಲದ ಮೇಲೆ ಬಿದ್ದಿದ್ದರೆ ನುಂಗಿ ಕರುಳು ಕಟ್ಟಿಕೊಳ್ಳುತ್ತದೆ. ನಮ್ಮಮ್ಮ ಕಲಿಸಿದ ಸ್ವಚ್ಛತೆಯೆಲ್ಲ ಕೊಲೆಯ ಸಾಮಗ್ರಿ ಎಂದು ಐವತ್ತು ದಾಟಿದ ಮೇಲೆ ತಿಳಿದುಕೊಂಡೆ. ಫಿನೈಲ್ ಗ್ಯಾರೇಜಿಗೆ ಹೋಯಿತು. ಬರೀ ಬಿಸಿನೀರಿನಲ್ಲಿ ನೆಲ ಒರೆಸುತ್ತ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂದಲು ತೆಗೆಯುವ ಅಂಟು ರೋಲರ್ ನೇತುಹಾಕಿ ಬದುಕತೊಡಗಿದೆ. ಲಾಂಡ್ರಿ ರೂಮಿನಲ್ಲಿರುವ ಬೆಕ್ಕುಗಳ ಮರಳಿನ ಡಬ್ಬ ಶುಚಿ ಮಾಡುವುದು ನಮ್ಮವರ ಪಾಲು. ಧಾರವಾಡದವರು, ಎಲ್ಕ್ ಗ್ರೋವ್‌ನ ಡೇಟಾ ಸೆಂಟರ್ ಒಂದರಲ್ಲಿ ದೊಡ್ಡ ಹುದ್ದೆ. ದಿನಾ ಬೆಳಿಗ್ಗೆ ಟೈ ಕಟ್ಟಿಕೊಂಡು ಸೌಟು ಹಿಡಿದು ಬೆಕ್ಕಿನ ಗಲೀಜು ಬಾಚಿಯೇ ಆಫೀಸಿಗೆ ಹೋಗುವುದು.

ಇಷ್ಟೆಲ್ಲ ಮಾಡಿದರೂ ಒಂದು ಮೂಗನ್ನು ಮಾತ್ರ ಗೆಲ್ಲಲಾಗಿರಲಿಲ್ಲ. ಪಕ್ಕದ ಬಡಾವಣೆಯಲ್ಲಿ ಒಬ್ಬರು ಆಂಟಿ ಇದ್ದಾರೆ, ಎಪ್ಪತ್ತು ದಾಟಿದೆ, ನಮ್ಮ ಮೈಸೂರಿನವರೇ. ಯಾರ ಬೇಸ್‌ಮೆಂಟಿಗೆ ನೀರು ನುಗ್ಗಿದೆ, ಯಾರ ಫ್ರಿಜ್ಜಿನಲ್ಲಿ ಹಿಟ್ಟು ಹುಳಿ ಮೀರಿದೆ ಎಂದು ಹೊಸ್ತಿಲಲ್ಲೇ ನಿಂತು ಹೇಳಬಲ್ಲರು. ನಮ್ಮ ಮನೆಯಲ್ಲಿ ಅವರು ಕೂರುವುದು ಸೋಫಾದ ಅಂಚಿನಲ್ಲಿ, ಸೆರಗನ್ನು ಮಡಿಲಲ್ಲಿ ಮುದುಡಿಕೊಂಡು. ಕಾಫಿ ಮುಟ್ಟಿದ್ದೇ ಇಲ್ಲ. "ತಪ್ಪು ತಿಳ್ಕೋಬೇಡಮ್ಮಾ, ಬೆಕ್ಕಿನ ಕೂದಲು ಹೊಟ್ಟೆಗೆ ಹೋದ್ರೆ ಅಸ್ತಮಾ ಬರುತ್ತೆ" ಎನ್ನುತ್ತಿದ್ದರು. ಕೂದಲು ಹೊಟ್ಟೆಯಿಂದ ಶ್ವಾಸಕೋಶಕ್ಕೆ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಕೇಳುವ ಧೈರ್ಯ ನನಗೆ ಬಂದಿರಲಿಲ್ಲ.

ಆ ವರ್ಷದ ವರಮಹಾಲಕ್ಷ್ಮಿಗೆ ನಾನು ಹಟ ಹಿಡಿದೆ. ಈ ಸಲ ಅವರ ಬಾಯಿಂದಲೇ "ವಾಸನೆ ಇಲ್ಲ" ಅನ್ನಿಸಬೇಕು. ಪರದೆಗಳನ್ನು ಒಗೆದೆ, ಸೋಫಾ ಎಳೆದು ಹಿಂದುಗಡೆ ಉಜ್ಜಿದೆ, ಮರಳಿನ ಡಬ್ಬವನ್ನೂ ಬೆಕ್ಕುಗಳನ್ನೂ ಮಹಡಿಯ ಗೆಸ್ಟ್ ರೂಮಿನಲ್ಲಿ ಹಾಕಿ ಬಾಗಿಲು ಮುಚ್ಚಿದೆ. ಸಂಜೆ ಹೆಂಗಸರೆಲ್ಲ ಅರಿಶಿನ ಕುಂಕುಮಕ್ಕೆ ಬಂದರು. ಆಂಟಿ ಬಂದರು, ಕೈಯಲ್ಲಿ ಗಾಜಿನ ಹೂದಾನಿ, ಅದರ ತುಂಬ ಬಿಳಿ ಲಿಲ್ಲಿ ಹೂವು.

"ಅಮ್ಮನೋರಿಗೆ ತಾವರೆ ಇಡ್ಬೇಕು, ಇಲ್ಲೆಲ್ಲಿ ಸಿಗುತ್ತೆ ಹೇಳು. ನಾನು ಪ್ರತಿ ವರ್ಷ ಇದನ್ನೇ ತಾವರೆ ಅಂದ್ಕೊಂಡು ಇಡೋದು" ಎಂದರು. ಆಮೇಲೆ, ಪಕ್ಕದವರಿಗೂ ಕೇಳುವಷ್ಟು ಪಿಸುದನಿಯಲ್ಲಿ, "ಘಮ ಘಮ ಅನ್ನುತ್ತೆ ನೋಡು. ನಿಮ್ಮನೆಗೆ ಬೇಕಾಗುತ್ತೆ" ಎಂದರು.

ಮೈಯೆಲ್ಲ ಉರಿಯಿತು. ಹಬ್ಬದ ದಿನ, ಮುತ್ತೈದೆ, ಹಿರಿಯರು. ನಕ್ಕು ಇಸಿದುಕೊಂಡು ಕಲಶದ ಎದುರಿಗೇ ಇಟ್ಟೆ.

ಸ್ವಲ್ಪ ಹೊತ್ತಿಗೆ ಆಂಟಿ "ಮೇಲೆ ಬಾತ್‌ರೂಮ್ ಇದೆಯಲ್ವಾ?" ಎಂದು ಎದ್ದರು. ಕೆಳಗಿನ ಬಾತ್‌ರೂಮು ಖಾಲಿಯೇ ಇತ್ತು. ಮೇಲಿನ ಕೋಣೆಗಳ ತಪಾಸಣೆ ಎಂದು ಗೊತ್ತಾದರೂ ಸುಮ್ಮನಿದ್ದೆ, ಏಕೆಂದರೆ ಆ ದಿನ ನನ್ನ ಮನೆ ಯಾವ ತಪಾಸಣೆಗೂ ತಯಾರಾಗಿತ್ತು. ಇಳಿದು ಬಂದ ಅವರ ಮುಖದಲ್ಲಿ ಹುಡುಕಿದ್ದು ಸಿಗದವರ ನಿರಾಸೆ ಇತ್ತು. ನಾನು ಒಳಗೊಳಗೇ ಹಿಗ್ಗಿದೆ.

ಒಬ್ಬಟ್ಟು ಬಡಿಸುವಾಗ ಯಾರೋ "ಅಯ್ಯೋ" ಎಂದರು. ಬಿಳಿ ಬೆಕ್ಕು ದೇವರ ಮುಂದೆ ಕೂತಿತ್ತು. ತಪಾಸಣೆ ಮಾಡಿದವರು ಗೆಸ್ಟ್ ರೂಮಿನ ಬಾಗಿಲು ಮುಚ್ಚಿರಲಿಲ್ಲ. ಸೀರೆಗಳೆಲ್ಲ ಮೊಣಕಾಲಿನವರೆಗೆ ಎದ್ದವು. ಆದರೆ ಬೆಕ್ಕಿನ ಮೂಗಿನ ಮೇಲೆ ಹಳದಿ ಪುಡಿ ಮೆತ್ತಿಕೊಂಡಿತ್ತು, ಎದೆಯ ಮೇಲೂ ಅಷ್ಟು ಚೆಲ್ಲಿತ್ತು. ಅದನ್ನು ನೋಡಿ ಎಲ್ಲರಿಗೂ ನಗು ಬಂತು. "ನೋಡ್ರೀ, ಅರಿಶಿನ ತಾನೇ ಹಚ್ಕೊಂಡ್ಬಿಟ್ಟಿದೆ. ಇದಕ್ಕೂ ಒಂದು ಬ್ಲೌಸ್ ಪೀಸ್ ಕೊಡಿ" ಎಂದರು ಒಬ್ಬರು. ಬೆಕ್ಕೆಂದರೆ ಮಾರು ದೂರ ಹಾರುವವರೂ ಫೋಟೊ ತೆಗೆದುಕೊಂಡರು. ನಾನೂ ಒಂದು ತೆಗೆದು ಮಗಳಿಗೆ ಕಳಿಸಿದೆ: ನಿನ್ನ ಮಗಳು ಅರಿಶಿನ ಕುಂಕುಮಕ್ಕೆ ಬಂದಿದ್ದಾಳೆ.

ತಕ್ಷಣ ಫೋನು ಬಂತು.

"ಅಮ್ಮಾ, ದಟ್ಸ್ ನಾಟ್ ಅರಿಶಿನ. ಆರ್ ದೋಸ್ ಲಿಲೀಸ್ ಬಿಹೈಂಡ್ ಹರ್?"

"ಹೂಂ, ಆಂಟಿ ತಂದಿದ್ರು, ತಾವರೆ ಸಿಗಲ್ಲ ಅಂತ—"

"ಅದು ಪೋಲನ್, ಹೂವಿನ ಪುಡಿ. ಅದನ್ನ ನೆಕ್ಕಿದ್ರೆ ಕ್ಯಾಟ್ಸ್ ಡೈ, ಅಮ್ಮಾ. ಹರ್ ಕಿಡ್ನೀಸ್ ವಿಲ್ ಸ್ಟಾಪ್. ಡೋಂಟ್ ಲೆಟ್ ಹರ್ ಲಿಕ್. ಗೋ. ನೌ."

ಬೆಕ್ಕು ಆಗಲೇ ಪಾದ ನೆಕ್ಕಿ ಮೂತಿ ಒರೆಸಿಕೊಳ್ಳುತ್ತಿತ್ತು. ತನ್ನನ್ನು ತಾನು ಶುಚಿ ಮಾಡಿಕೊಳ್ಳುವುದರಲ್ಲಿ ಅದು ನನಗಿಂತ ಮಡಿವಂತೆ, ಆ ಮಡಿಯೇ ಈಗ ಅದನ್ನು ಕೊಲ್ಲುವುದರಲ್ಲಿತ್ತು. ಒದ್ದೆ ಟವೆಲಿನಲ್ಲಿ ಅದನ್ನು ಸುತ್ತಿ ಎತ್ತಿಕೊಂಡೆ.

"ದೀಪ ಉರೀತಿದೆ, ತಾಂಬೂಲ ಕೊಟ್ಟಿಲ್ಲ, ಬೆಕ್ಕಿಗೋಸ್ಕರ ಹೋಗ್ಬಿಡ್ತೀಯೇನಮ್ಮಾ?" ಆಂಟಿ ಕೇಳಿದರು. ನಾನು ಹೂದಾನಿಯನ್ನು ಕಿತ್ತುಕೊಂಡು ಹೋಗಿ ಗ್ಯಾರೇಜಿನಲ್ಲಿ ಫಿನೈಲಿನ ಪಕ್ಕ ಇಟ್ಟೆ. ಆಗಷ್ಟೇ ಆಫೀಸಿನಿಂದ ಬಂದು ಕಾರು ನಿಲ್ಲಿಸುತ್ತಿದ್ದ ನಮ್ಮವರು ನನ್ನ ಮುಖ ನೋಡಿ ಎಂಜಿನ್ ಆಫ್ ಮಾಡಲಿಲ್ಲ. "ಗಾಡ್ಯಾಗ ಕೂಡು, ಕೂಡು. ತಾಂಬೂಲ ಅವ್ರೇ ತಗೋತಾರ" ಎಂದರು.

ಜರತಾರಿ ಸೀರೆ, ಮುಡಿಯಲ್ಲಿ ಮಲ್ಲಿಗೆ, ತೊಡೆಯ ಮೇಲೆ ಬೆಕ್ಕು. ಪ್ರಾಣಿಗಳ ಎಮರ್ಜೆನ್ಸಿ ಆಸ್ಪತ್ರೆಯಲ್ಲಿ ಯಾರೂ ನನ್ನನ್ನು ಎರಡನೆಯ ಸಲ ನೋಡಲಿಲ್ಲ. ಅಲ್ಲಿಗೆ ಬರುವವರೆಲ್ಲ ಇದ್ದ ವೇಷದಲ್ಲೇ ಬಂದಿರುತ್ತಾರೆ. ವಾಂತಿ ಮಾಡಿಸಿದರು, ಮೈ ತೊಳೆದರು, ಮುಂಗಾಲು ಬೋಳಿಸಿ ಡ್ರಿಪ್ ಹಾಕಿದರು. ಡಾಕ್ಟರ್ ಸುತ್ತಿ ಬಳಸಿ ಹೇಳಲಿಲ್ಲ. ಮೂತ್ರ ಹೋಗುತ್ತಿದ್ದರೆ ಮೂತ್ರಪಿಂಡ ಉಳಿದಿದೆ ಎಂದರ್ಥ. ನಿಂತರೆ ತಾವು ಮಾಡುವಂಥದ್ದು ಹೆಚ್ಚೇನೂ ಇಲ್ಲ ಎಂದರು.

ಬೆಕ್ಕನ್ನು ಅಲ್ಲೇ ಬಿಟ್ಟು ಮನೆಗೆ ಬಂದೆವು. ಮನೆ ನಾನು ಬಯಸಿದ ಹಾಗೇ ಇತ್ತು. ಕಪ್ಪು ಸೋಫಾದ ಮೇಲೆ ಒಂದು ಬಿಳಿ ಕೂದಲಿಲ್ಲ. ಕರಿಯದು ಮಹಡಿಯ ಮಂಚದ ಕೆಳಗಿಂದ ಹೊರಗೇ ಬಂದಿರಲಿಲ್ಲ, ಹಾಗಾಗಿ ಉಳಿದುಕೊಂಡಿತ್ತು. ಊದುಬತ್ತಿಯ ಪರಿಮಳ ಬಿಟ್ಟರೆ ಬೇರೆ ವಾಸನೆಯೇ ಇಲ್ಲ. ನನಗೆ ಆ ಮನೆಯಲ್ಲಿ ಕೂರಲಾಗಲಿಲ್ಲ. ಹೆದರಿಕೆಯಾಗುತ್ತಿತ್ತು, ಅಳುವೂ ಬರುತ್ತಿತ್ತು.

ಬೆಳಿಗ್ಗೆ ಮಗಳು ಡೆಟ್ರಾಯಿಟ್ ಕಡೆಯಿಂದ ಡ್ರೈವ್ ಮಾಡಿಕೊಂಡು ಬಂದಳು. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಹೆಂಗಸರ ಗ್ರೂಪಿನಲ್ಲಿ ಮೆಸೇಜುಗಳು ಬರುತ್ತಲೇ ಇದ್ದವು: ಅಲಂಕಾರ ಸೂಪರ್, ಮನೆ ಎಷ್ಟು ಕ್ಲೀನ್. ಕೊನೆಗೆ ಆಂಟಿಯ ಫೋನು.

"ದೇವ್ರಿಗೆ ಅಂತ ತಂದ ಹೂವು ವಿಷ ಆಗುತ್ತೇನಮ್ಮಾ? ನೀನು ಬಾಗಿಲು ಸರಿಯಾಗಿ ಹಾಕಿಟ್ಕೋಬೇಕಿತ್ತು."

"ಹಾಕಿತ್ತು ಆಂಟಿ. ನೀವು ತೆಗೆದ್ರಿ" ಎಂದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರು ಮೂಗಿನಿಂದಲ್ಲದೆ ಕಿವಿಯಿಂದ ನಮ್ಮ ಮನೆಯನ್ನು ಗಮನಿಸಿದ್ದರು. ಆಮೇಲೆ ಫೋನು ಇಟ್ಟರು.

ಸೋಮವಾರ ಬೆಕ್ಕನ್ನು ಮನೆಗೆ ಕಳಿಸಿದರು. ರಕ್ತಪರೀಕ್ಷೆ ಚೆನ್ನಾಗಿಯೇ ಬಂದಿತ್ತು. ಆದರೆ ಡ್ರಿಪ್ ತೆಗೆದಾಗಿದೆ, ಸಂಜೆಯೊಳಗೆ ತಾನಾಗಿ ಮೂತ್ರ ಮಾಡದಿದ್ದರೆ ವಾಪಸ್ ಕರೆತನ್ನಿ ಎಂದಿದ್ದರು. ಕರಿಯದರ ಲೆಕ್ಕ ಬೆರೆಯಬಾರದೆಂದು ಬಿಳಿಯದಕ್ಕೆ ಗೆಸ್ಟ್ ರೂಮು, ಅದರದೇ ಡಬ್ಬ. ಮಗಳು ಡಬ್ಬದ ಪಕ್ಕ ಕಾರ್ಪೆಟ್ಟಿನ ಮೇಲೆ ಕೂತಳು. ಮಧ್ಯಾಹ್ನ ಕಳೆಯಿತು. ಬೆಕ್ಕು ಅಲುಗಲಿಲ್ಲ. ಪ್ರತಿ ಹಬ್ಬಕ್ಕೂ ಮನೆ ಉಜ್ಜುತ್ತಿದ್ದವಳೇ, ಆ ಡಬ್ಬ ಒದ್ದೆಯಾಗಲಿ ಎಂದು ದೇವರಿಗೆ ಹರಕೆ ಹೊತ್ತೆ.

ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲ ಬೆಲ್ ಆಯಿತು. ಆಂಟಿ. "ಹೂದಾನಿ ಇಲ್ಲೇ ಬಿಟ್ಟಿದ್ನಲ್ಲಮ್ಮಾ" ಎಂದರು, ನನ್ನ ಮುಖ ನೋಡದೆ. ಒಳಗೆ ಬಂದು ಸೋಫಾದಲ್ಲಿ ಪೂರ್ತಿ ಒರಗಿ ಕೂತರು, ಸೆರಗು ಮುದುಡದೆ. "ಬೆಕ್ಕು ಹೇಗಿದೆ?" ಎಂದರು. ಕ್ಷಮೆ ಕೇಳುವ ಅಭ್ಯಾಸ ಅವರಿಗಿಲ್ಲ, ಅದಕ್ಕಿಂತ ಹತ್ತಿರದ ಮಾತು ಅವರಿಗೆ ಸಿಗಲಿಲ್ಲವೆಂದು ಕಾಣುತ್ತದೆ. ನಾನು ಇನ್ನೂ ಉತ್ತರ ಕೊಟ್ಟಿರಲಿಲ್ಲ, ಅವರ ಮೂಗು ಮಹಡಿಯ ಮೆಟ್ಟಿಲಿನ ಕಡೆ ತಿರುಗಿತು. ಹುಬ್ಬು ಗಂಟಿಕ್ಕಿತು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ.

"ಏನೋ ವಾಸನೆ ಬರ್ತಿದೆಯಲ್ಲಮ್ಮಾ."

"ಬರ್ತಿದೆಯಾ? ಆಂಟಿ, ಸರಿಯಾಗಿ ನೋಡಿ ಹೇಳಿ. ಏನ್ ವಾಸನೆ?"

ಅವರು ಗಾಬರಿಯಾದರು. "ಬೆಕ್ಕಿಂದು. ಉಚ್ಚೆ ವಾಸನೆ."

ಅಷ್ಟು ಹೊತ್ತಿಗೆ ಮೇಲಿನಿಂದ ಮಗಳು ಅಳುತ್ತ ಕೂಗಿದಳು. ಓಡಿ ಹೋಗಿ ನೋಡಿದೆ. ಬಿಳಿಯದು ಬೋಳು ಕಾಲಿನಿಂದ ಮರಳು ಎಳೆದು ಮುಚ್ಚುತ್ತಿತ್ತು, ಅವಸರವಿಲ್ಲದೆ, ಅಚ್ಚುಕಟ್ಟಾಗಿ. ಆ ವಾಸನೆಯನ್ನು ನಾನು ಎದೆ ತುಂಬ ಎಳೆದುಕೊಂಡೆ.

ಕೆಳಗೆ ಬಂದಾಗ ಆಂಟಿ ಇನ್ನೂ ಕೂತಿದ್ದರು. "ಒಂದು ಲೋಟ ಕಾಫಿ ಕೊಡಮ್ಮಾ" ಎಂದರು. ಡಿಕಾಕ್ಷನ್ ಬಿಸಿ ಮಾಡಿ ಹಾಲು ಬೆರೆಸಿದೆ. ಬೆಕ್ಕನ್ನು ತಬ್ಬಿ ಬಂದಿದ್ದೆನಲ್ಲ, ತೋಳಿನಿಂದ ಒಂದು ಬಿಳಿ ಕೂದಲು ಉದುರಿ ನೊರೆಯ ಮೇಲೆ ಕೂತಿತು. ತೆಗೆಯಲು ಚಮಚ ಹಿಡಿದವಳು ಲೋಟವನ್ನು ಹಾಗೇ ಅವರ ಮುಂದಿಟ್ಟುಬಿಟ್ಟೆ. ಆಂಟಿ ಅದನ್ನು ನೋಡಿದರು, ನನ್ನನ್ನೂ ನೋಡಿದರು, ಒಂದು ಹನಿ ಉಳಿಸದೆ ಕುಡಿದರು.